ಮೊದಲ ಎಲೆ ನಾಯಿಗೆ

ನಮ್ಮೂರ ಚರ್ಚಿನ ಹಬ್ಬದ ಊಟದಲ್ಲಿ ಮೊದಲ ಎಲೆ ನಾಯಿಗೆ. ಫಾದರ್‌ಗಲ್ಲ, ಪಂಚಾಯ್ತಿ ಅಧ್ಯಕ್ಷರಿಗಲ್ಲ, ಕುರಿ ಕೊಟ್ಟ ದಾನಿಗಳಿಗೂ ಅಲ್ಲ. ಚರ್ಚಿನ ಮೆಟ್ಟಿಲ ಪಕ್ಕ ಒಂದು ಮುತ್ತುಗದ ಎಲೆ ಹಾಸಿ ಅದರ ಮೇಲೊಂದು ರಾಗಿ ರೊಟ್ಟಿ ಇಡುತ್ತಾರೆ. ಯಾವುದಾದರೂ ನಾಯಿ ಬಂದು ಅದಕ್ಕೆ ಬಾಯಿ ಹಾಕುವ ತನಕ ಪಂಕ್ತಿಯಲ್ಲಿ ಕೂತವರು ಅನ್ನ ಮುಟ್ಟುವ ಹಾಗಿಲ್ಲ. ಹೊಸಬರು ಇದನ್ನು ಕೇಳಿ ನಗುತ್ತಾರೆ. ನಗಲಿ ಬಿಡಿ. ನಾವೂ ನಗುತ್ತೇವೆ, ಆದರೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ನಗುತ್ತೇವೆ.

ಊರು ಗುಬ್ಬಿಹಟ್ಟಿ. ಶಿವನಿಯಿಂದ ಅಜ್ಜಂಪುರಕ್ಕೆ ಹೋಗುವ ಬಸ್ಸಿನವನು ಒಲ್ಲದ ಮನಸ್ಸಿನಿಂದ ನಿಲ್ಲಿಸುವ ಜಾಗ. ನಮ್ಮ ಹಿರಿಯರು ರೈಲು ಹಳಿ ಹಾಕುವಾಗ ಮಣ್ಣು ಹೊರಲು ಬಂದವರಂತೆ. ಹಳಿ ಮುಂದಕ್ಕೆ ಹೋಯಿತು, ಇವರು ಇಲ್ಲೇ ಉಳಿದು ರಾಗಿ, ಈರುಳ್ಳಿ ಬೆಳೆದುಕೊಂಡರು. ಚರ್ಚು ಸಂತ ರೋಕರದ್ದು, ಪ್ಲೇಗು ತಗಲಿ ಕಾಡಿನಲ್ಲಿ ಬಿದ್ದಿದ್ದಾಗ ನಾಯಿಯೊಂದು ರೊಟ್ಟಿ ತಂದುಕೊಟ್ಟು ಉಳಿಸಿಕೊಂಡ ಸಂತರು. ಪೀಠದ ಮೇಲೆ ಅವರ ಪ್ರತಿಮೆ ಇದೆ, ಸ್ವರೂಪ ಅನ್ನುತ್ತೇವೆ. ಕೈಯಲ್ಲಿ ಕೋಲು, ತೊಡೆಯ ಮೇಲೆ ಗಾಯ, ಕಾಲ ಬಳಿ ಬಾಯಲ್ಲಿ ರೊಟ್ಟಿ ಕಚ್ಚಿಕೊಂಡು ನಿಂತ ಒಂದು ನಾಯಿ. ನಾವು ಪ್ರೀತಿಯಿಂದ ರೋಕಪ್ಪ ಅನ್ನುತ್ತೇವೆ. ಸುತ್ತಮುತ್ತಲ ಊರಿನವರು ‘ನಾಯಿಸ್ವಾಮಿ ಗುಡಿ’ ಅನ್ನುತ್ತಾರೆ. ಬಸ್ಸಿನವನೂ ಹಾಗೇ ಕೂಗಿ ಇಳಿಸುತ್ತಾನೆ.

ನಮ್ಮ ಚರ್ಚಿನ ಕತೆ ಮಗುವಿನಿಂದ ಹಿಡಿದು ಎಲ್ಲರಿಗೂ ಬಾಯಿಪಾಠ. ಪ್ಲೇಗು ಬಂದ ಕಾಲ. ಮನೆಗಳಲ್ಲಿ ಇಲಿ ಬಿದ್ದವು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಮದಲೇನಮ್ಮ ಅನ್ನುವ ವಿಧವೆಗೆ ಗಡ್ಡೆ ಎದ್ದಿತು. ಅವಳನ್ನೂ ಅವಳ ಕೂಸನ್ನೂ ಹಳ್ಳದ ಆಚೆ ಬೇರೆ ಗುಡಿಸಲಲ್ಲಿ ಇರಿಸಿದರು. ಆಗ ಎಲ್ಲಿಂದಲೋ ಒಂದು ನಾಯಿ ಬಂತು, ರೊಟ್ಟಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಳ್ಳ ದಾಟಿ ಅವಳ ಗುಡಿಸಲಿಗೆ ಒಯ್ದಿತು. ಮದಲೇನಮ್ಮ ಎದ್ದು ಕೂತಳು, ಊರಿನ ರೋಗವೂ ಹೋಯಿತು. ಕುದುರೆ ಮೇಲೆ ಓಡಾಡುತ್ತಿದ್ದ ಫ್ರಾನ್ಸಿನ ಗಡ್ಡದ ಸ್ವಾಮಿಗಳು ಇದನ್ನು ಕಂಡು, “ಇದು ಸಂತ ರೋಕರದೇ ನಾಯಿ” ಎಂದು ಮೊಣಕಾಲೂರಿ, ಅಲ್ಲೇ ಚರ್ಚು ಕಟ್ಟಿಸಿದರು. ಸ್ವರೂಪ ರೈಲಿನಲ್ಲಿ ಶಿವನಿಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಊರಿಗೆ ಬಂತು.

ಆ ಎಲೆ ಇಡುವ ಹಕ್ಕು ನನ್ನ ಗಂಡನ ಮನೆಯ ಹೆಂಗಸರದು. ನಮ್ಮ ಅತ್ತೆ ಚೌರಿಯಮ್ಮ ಮದುವೆಯಾಗಿ ಬಂದು ಕೆಲವು ವರ್ಷಕ್ಕೆ ಅವರ ಅತ್ತೆಯಿಂದ ಪಡೆದದ್ದು, ಈಗ ಎಂಬತ್ತು ದಾಟಿದರೂ ಬಿಟ್ಟುಕೊಟ್ಟಿಲ್ಲ. ಎಲೆಯ ಮೇಲೆ ರಾಗಿ ರೊಟ್ಟಿ ಬಿಟ್ಟು ಬೇರೇನೂ ಇಡಕೂಡದು. ಇದೇ ಯಾವಾಗಲೂ ಫಜೀತಿ. ಈಗಿನ ನಾಯಿಗಳಿಗೆ ಚಿಕನ್ ಅಂಗಡಿಯ ರುಚಿ ಹತ್ತಿದೆ, ಒಣ ರೊಟ್ಟಿ ಯಾವುದಕ್ಕೆ ಬೇಕು? ಒಂದು ವರ್ಷ ಒಂದು ನಾಯಿ ಬಂದು ಮೂಸಿ, ಸೀನಿ, ಹೊರಟೇ ಹೋಯಿತು. ನೂರಾರು ಜನ ಆರಿದ ಸಾರು ಮುಂದಿಟ್ಟುಕೊಂಡು ಅದರ ಬಾಲ ನೋಡುತ್ತಾ ಕೂತಿದ್ದೆವು. “ಒಂದ್ಚೂರು ಸಾರು ಸವರಿ ಅತ್ತೆ” ಅಂತ ನಾನು ಪಿಸುಗುಟ್ಟಿದರೆ ಅವರು ನನ್ನನ್ನು ಸುಡುವ ಹಾಗೆ ನೋಡಿದ್ದರು.

ನನ್ನ ವಿಷಯವನ್ನೂ ಹೇಳಿಬಿಡಬೇಕು. ನಾನು ಮೇರಿ, ಶಿವನಿಯ ಸ್ಟೇಷನ್ ರಸ್ತೆಯಲ್ಲಿ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬಾಯಿ ಸ್ವಲ್ಪ ಜೋರು, ಅದನ್ನು ಊರೇ ಹೇಳುತ್ತದೆ. ತವರೂ ಗುಬ್ಬಿಹಟ್ಟಿಯೇ, ಮೇಲಿನ ಬೀದಿಯ ಉಪದೇಶಿ ಮನೆ. ನಮ್ಮ ಮುತ್ತಜ್ಜ ಅರುಳಪ್ಪ ಚರ್ಚಿನ ಮೊದಲ ಉಪದೇಶಿ. ಸ್ವಾಮಿಗಳು ವರ್ಷಕ್ಕೊಮ್ಮೆಯೋ ಎರಡು ಸಲವೋ ಬರುತ್ತಿದ್ದ ಕಾಲದಲ್ಲಿ ಜಪ ಹೇಳಿಸುವವನು, ಮಕ್ಕಳಿಗೆ ಜ್ಞಾನೋಪದೇಶ ಕಲಿಸುವವನು, ಸಾಯುವವರ ಪಕ್ಕ ಕೂತು ಕೈ ಹಿಡಿಯುವವನು ಅವನೇ. ಪೇಟ, ಕರಿ ಕೋಟು, ಕೈಯಲ್ಲಿ ಜಪಸರ ಹಿಡಿದ ಅವನ ಫೋಟೋ ನಮ್ಮ ತವರುಮನೆಯ ನಡುಮನೆಯಲ್ಲಿದೆ. ಚಿಕ್ಕಂದಿನಲ್ಲಿ ಅದರ ಕೆಳಗೆ ನಿಂತು ‘ನಾವು ಉಪದೇಶಿ ಮನೆಯೋರು’ ಅಂತ ಎಷ್ಟು ಜಂಬ ಕೊಚ್ಚಿದ್ದೇನೋ ಲೆಕ್ಕವಿಲ್ಲ. ಗಂಡನ ಮನೆಗೆ ಬಂದ ಮೇಲೂ ಬಿಟ್ಟಿಲ್ಲ. ನಮ್ಮ ಅತ್ತೆ ಮಾತ್ರ ಆ ಜಂಬಕ್ಕೆ ಒಂದು ದಿನವೂ ಎದುರಾಡಿದವರಲ್ಲ, ಹೂಂ ಅಂದವರೂ ಅಲ್ಲ.

ಈ ಸಲದ ಹಬ್ಬಕ್ಕೆ ಮುಂಚೆ ಹೊಸ ಫಾದರ್ ಬಂದರು. ಫಾದರ್ ರೋಶನ್, ಮಂಗಳೂರು ಕಡೆಯವರು. ಎಳೆ ವಯಸ್ಸು, ಸ್ಕೂಟರ್ ಮೇಲೆ ಸುಂಟರಗಾಳಿ. ಬಂದ ವಾರದಲ್ಲೇ ಸೋರುವ ಮಾಡು ಸರಿಮಾಡಿಸಿದರು, ಶೌಚಾಲಯಕ್ಕೆ ಬಾಗಿಲು ಹಾಕಿಸಿದರು. ಮುಂದಿನ ವಾರವೇ ನಮ್ಮೂರಿನ ಕರಿಯ ಅನ್ನುವ ಬೀದಿ ನಾಯಿ ಅವರ ಮೀನಖಂಡಕ್ಕೆ ಬಾಯಿ ಹಾಕಿತು. ಸ್ಕೂಟರಿನ ಶಬ್ದ ಅದಕ್ಕೆ ಆಗಿಬರಲಿಲ್ಲ ಅಂತ ಕಾಣುತ್ತದೆ. ಪಾಪ, ಅಜ್ಜಂಪುರಕ್ಕೆ ಮತ್ತೆ ಮತ್ತೆ ಹೋಗಿ ಇಂಜೆಕ್ಷನ್ ಚುಚ್ಚಿಸಿಕೊಂಡರು. ರೋಕಪ್ಪನ ಊರಿನಲ್ಲಿ ಫಾದರ್‌ಗೇ ನಾಯಿ ಕಚ್ಚಿತು ಅಂತ ನಾವು ನಾಚಿದೆವು, ನಾಚುತ್ತಲೇ ನಕ್ಕೆವು.

ಫಾದರ್ ಚರ್ಚಿನ ಚರಿತ್ರೆ ಬರೆಯಲು ಕೂತರು. ಹಬ್ಬಕ್ಕೆ ಧರ್ಮಪ್ರಾಂತ್ಯದಿಂದ ಹಿರಿಯ ಗುರುಗಳೊಬ್ಬರು ಬರುವವರಿದ್ದರು, ಅವರ ಕೈಯಿಂದ ಪುಸ್ತಿಕೆ ಬಿಡುಗಡೆ ಮಾಡಿಸುವ ಆಸೆ. ಟೈಪ್ ಮಾಡುವ ಕೆಲಸ ನನ್ನ ಅಂಗಡಿಗೇ ಬಂತು.

“ಮೇರಮ್ಮ, ಒಮ್ಮೆ ಓದಿ ನೋಡಿ ಮಾರಾಯ್ರೆ. ತಪ್ಪು ಉಂಟಾ ಅಂತ” ಅಂದರು.

ಓದಿದೆ. ಯಾವ ಸ್ವಾಮಿಗಳು ಬಂದರು, ಯಾವ ಸ್ವಾಮಿಗಳು ಹೋದರು, ಯಾರು ಗೋಡೆ ಎತ್ತಿಸಿದರು, ಯಾರು ಗಂಟೆ ತರಿಸಿದರು, ಎಲ್ಲ ಇತ್ತು.

“ತಪ್ಪೇನೂ ಇಲ್ಲ ಫಾದರ್. ಜನಾನೇ ಇಲ್ಲ” ಅಂದೆ.

“ಎಂತ ಹೇಳುದು ನೀವು?”

“ಸ್ವಾಮಿಗಳು ಕುದುರೆ ಮೇಲೆ ಬಂದ್ರು, ಹೋದ್ರು. ಮಿಕ್ಕಿದ್ ದಿನ ಈ ಚರ್ಚನ್ನ ಹಿಡ್ಕೊಂಡು ನಿಂತಿದ್ದು ಯಾರು? ನಮ್ಮ ಮುತ್ತಜ್ಜ ಉಪದೇಶಿ ಅರುಳಪ್ಪ. ಅವರ ಹೆಸ್ರು ಎಲ್ಲೈತೆ?”

“ಅವರ ಬಗ್ಗೆ ನನಗೆ ಎಲ್ಲೂ ಏನೂ ಸಿಗಲಿಲ್ಲ.”

“ನನ್ನ ಕೇಳಿದ್ರೆ ಸಿಕ್ತಿತ್ತು. ಫೋಟೋ ಐತೆ, ತಂದ್ಕೊಡ್ತೀನಿ. ಒಂದು ಪೂರ್ತಿ ಪುಟ ಬೇಕು ನಂಗೆ.”

ಅವರು ಅರ್ಧ ಪುಟ ಅಂದರು. ನಾನು ಪೂರ್ತಿ ಅಂದೆ. ಜೆರಾಕ್ಸಿಗೆ ಬಂದವರು ತಮ್ಮ ಆಧಾರ್ ಕಾರ್ಡ್ ಮರೆತು ನಮ್ಮ ಜಗಳ ನೋಡಿದರು. ಕೊನೆಗೆ ಫಾದರ್ ಕೈಮುಗಿದು ಪೂರ್ತಿ ಪುಟಕ್ಕೆ ಒಪ್ಪಿ, ಹೊರಡುವಾಗ ಹಗುರವಾಗಿ ಒಂದು ಮಾತು ಎಸೆದು ಹೋದರು. “ಹಾಂ, ಈ ಸಲ ಆ ನಾಯಿ ಎಲೆ ಬೇಡ. ಹೊರಗಿನವರೆಲ್ಲ ಬರ್ತಾರೆ, ಚೆನ್ನಾಗಿ ಕಾಣುದಿಲ್ಲ. ಮಕ್ಕಳು ಇರ್ತಾರೆ, ಯಾರಿಗಾದ್ರೂ ಕಚ್ಚಿದ್ರೆ? ಅತ್ತೆಯವರಿಗೆ ನೀವೇ ಹೇಳಿ.”

ಜಗಳದಲ್ಲಿ ಗೆದ್ದ ಸಂಭ್ರಮ ಅಲ್ಲಿಗೇ ಇಳಿಯಿತು. ಯಾಕೆಂದರೆ ಈ ವರ್ಷ ಎಲೆಯನ್ನು ನನ್ನ ಕೈಗೆ ಒಪ್ಪಿಸಬೇಕೆಂದು ಅತ್ತೆ ಪಟ್ಟು ಹಿಡಿದಿದ್ದರು. ಮಂಡಿ ಬಗ್ಗುವುದಿಲ್ಲ, ಉಸಿರು ನಿಲ್ಲುವುದಿಲ್ಲ, ಮುಂದಿನ ಹಬ್ಬ ನೋಡುತ್ತೇನೋ ಇಲ್ಲವೋ ಅಂತ ಬೇಸಿಗೆಯಿಂದಲೂ ಹೇಳುತ್ತಿದ್ದರು. “ಬರೀ ಎಲೆ ಅಲ್ಲ ಕಣೇ. ಎಲೆ ಜೊತೆಗೆ ಒಂದು ಮಾತೈತೆ. ಕೈಗೆ ಕೊಟ್ಟ ದಿನ ಹೇಳ್ಬೇಕು, ಅದಕ್ ಮುಂಚೆ ಹೇಳಂಗಿಲ್ಲ.” ಎಲೆಯೇ ಇಲ್ಲವಾದರೆ ಆ ಮಾತು ಅವರ ಜೊತೆಗೇ ಮಣ್ಣಿಗೆ ಹೋಗುತ್ತಿತ್ತು.

ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರ ಕೆಳಗಿಟ್ಟರು. ಸೆರಗು ಸರಿಮಾಡಿಕೊಂಡು, ಕೋಲು ಹಿಡಿದು, ನನ್ನ ಭುಜದ ಮೇಲೆ ಇನ್ನೊಂದು ಕೈಯಿಟ್ಟು ನೇರ ಫಾದರ್ ಮನೆಗೇ ಹೊರಟರು.

“ಸ್ವಾಮಿ, ಎಲೆ ಬ್ಯಾಡ ಅಂದ್ರಂತೆ.”

“ಅಮ್ಮ, ಕೂತುಕೊಳ್ಳಿ. ನಾಯಿಗಳಿಗೆ ನಾನೇ ಬೇರೆ ಕಡೆ ಊಟ ಹಾಕಿಸ್ತೇನೆ. ಉಪವಾಸ ಇರುದು ಬೇಡ ಅವು. ಆದರೆ ಪಂಕ್ತಿಯ ಎದುರು ಬೇಡ.”

“ಊಟದ್ ಪ್ರಶ್ನೆ ಅಲ್ಲ ಸ್ವಾಮಿ. ನಾವು ಕಾಯ್ಬೇಕು. ಅದು ಮುಖ್ಯ.”

“ಸಂತ ರೋಕರ ನಾಯಿಯ ಕತೆಯನ್ನು ಪೂಜೆಯ ಪ್ರಸಂಗದಲ್ಲಿ ನಾನು ಚಂದ ಮಾಡಿ ಹೇಳ್ತೇನೆ. ಸಾಕಲ್ವಾ?”

ಅತ್ತೆ ಸ್ವಲ್ಪ ಹೊತ್ತು ಅವರ ಕಾಲಿನ ಹಲ್ಲಿನ ಗುರುತು ನೋಡಿದರು. ಆಮೇಲೆ “ಆಯ್ತು ಸ್ವಾಮಿ” ಅಂದು ಎದ್ದುಬಿಟ್ಟರು. ನನಗೆ ಎಲ್ಲಿಲ್ಲದ ಕೋಪ. ದಾರಿಯುದ್ದಕ್ಕೂ ನಾನೇ ಬೈದದ್ದು, ಫಾದರ್‌ಗೆ ಒಂದಿಷ್ಟು, ಅತ್ತೆಗೆ ಒಂದಿಷ್ಟು. ಇಷ್ಟು ಬೇಗ ಸೋಲುವುದಾದರೆ ಹೋಗಿದ್ದಾದರೂ ಯಾಕೆ? ಮನೆ ಹೊಸಿಲು ದಾಟಿದ ಮೇಲೆ ಅತ್ತೆ ಬಾಯಿ ಬಿಟ್ಟರು.

“ರಾಗಿ ಹಿಟ್ಟು ಐತೇನೇ?”

“ಯಾಕೆ?”

“ಇಲ್ದಿದ್ರೆ ಮಿಲ್ಲಿಗೆ ಹಾಕ್ಸು. ಹಬ್ಬಕ್ ರೊಟ್ಟಿ ತಟ್ಬೇಕಲ್ಲ.”

ಪುಸ್ತಿಕೆ ಹಬ್ಬಕ್ಕೆ ಆಗಲಿಲ್ಲ. ಫಾದರ್ ದಿನಕ್ಕೊಂದು ಸಾಲು ಸೇರಿಸುತ್ತಾ, ದಿನಕ್ಕೊಂದು ಸಾಲು ತೆಗೆಯುತ್ತಾ ಹೋದರು, ಕೊನೆಗೆ ಪ್ರೆಸ್ಸಿನವನೇ ಕೈಯೆತ್ತಿದ. ಬಿಡುಗಡೆ ಕ್ರಿಸ್ಮಸ್ಸಿಗೆ ಹೋಯಿತು.

ಹಬ್ಬದ ದಿನ ಬೆಳಗ್ಗೆಯಿಂದ ಗಾಳಿಯೋ ಗಾಳಿ, ನಡುನಡುವೆ ಹನಿ. ಶಾಮಿಯಾನದ ಬಟ್ಟೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಅಡಿಗೆ ಉಸ್ತುವಾರಿ ಎಂದಿನಂತೆ ಶಿವನಿಯ ಸನಾವುಲ್ಲಾ ಸಾಬರದು. ಅವರೇ ಕುರಿ ಕೊಯ್ದರೆ ಅವರ ಬೀದಿಯವರೂ ಬಂದು ಉಣ್ಣಬಹುದು ಅಂತ ನಮ್ಮ ತಂದೆ ಕಾಲದಿಂದಲೂ ಹಾಗೇ ನಡೆದುಬಂದಿದೆ. ಹಬ್ಬ ಬರುವುದು ಶ್ರಾವಣದಲ್ಲಿ. ಹಾಗಾಗಿ ಹಿಂದೂ ನೆಂಟರಿಷ್ಟರಿಗೆ ಅನ್ನ, ತಿಳಿಸಾರು, ಪಾಯಸದ ಬೇರೆ ಪಂಕ್ತಿ. ಪಂಚಾಯ್ತಿ ಮೆಂಬರ್ ಸಿದ್ದೇಶ್ ಪ್ರತಿ ವರ್ಷ ಆ ಪಂಕ್ತಿಯ ತುದಿಯಲ್ಲಿ, ಈ ಪಂಕ್ತಿಯ ಸಾರಿನ ವಾಸನೆ ಬರುವ ಕಡೆಗೇ ಕೂರುತ್ತಾನೆ. ಶ್ರಾವಣ ಮುಗಿದ ಮೇಲೆ ಬಾರೋ ಅಂದರೆ, “ಆವಾಗ ನಿಮ್ಮ ಹಬ್ಬ ಇರಲ್ವಲ್ಲಕ್ಕಾ” ಅಂತ ಮುಖ ಸಣ್ಣಗೆ ಮಾಡುತ್ತಾನೆ.

ಊರಿನಲ್ಲಿ ಒಂದು ನಾಯಿಯ ಸುಳಿವಿಲ್ಲ. ಫಾದರ್ ಬೆಳಗ್ಗೆಯೇ ಚಿಕನ್ ಅಂಗಡಿಯಿಂದ ಒಂದು ಬಕೆಟ್ ತರಿಸಿ, ಯುವಕ ಸಂಘದವರ ಕೈಲಿ ಎಲ್ಲ ನಾಯಿಗಳನ್ನೂ ಶಾಲೆ ಕಾಂಪೌಂಡಿನೊಳಗೆ ಸೇರಿಸಿ ಗೇಟು ಹಾಕಿಸಿದ್ದರು. ಹೇಳಿದ ಮಾತಿಗೆ ತಪ್ಪಲಿಲ್ಲ, ಅವಕ್ಕೂ ಹಬ್ಬದೂಟ ಕೊಡಿಸಿದ್ದರು.

ಪೂಜೆ ಚೆನ್ನಾಗಿ ಆಯಿತು. ಹಿರಿಯ ಗುರುಗಳು ನರೆತ ತಲೆಯ ಸಮಾಧಾನದ ಮನುಷ್ಯ, ಪ್ರಸಂಗ ಚಿಕ್ಕದು, ಎಲ್ಲರಿಗೂ ಇಷ್ಟವಾಯಿತು. ಆಮೇಲೆ ಪಂಕ್ತಿ ಕೂತಿತು. ಎಲೆಗೆ ಅನ್ನ ಬಿತ್ತು, ಸಾರು ಬಿತ್ತು. ಫಾದರ್ ರೋಶನ್ ಊಟದ ಜಪ ಹೇಳಿದರು. ಹಿರಿಯ ಗುರುಗಳು ತುತ್ತು ಕಲಸಿ ಬಾಯಿ ಹತ್ತಿರ ತಂದವರು ಅತ್ತಿತ್ತ ನೋಡಿ ಕೆಳಗಿಟ್ಟರು. ಒಬ್ಬರ ಕೈಯೂ ಎಲೆಗೆ ಹೋಗಿರಲಿಲ್ಲ.

“ಊಟ ಮಾಡಿ, ಊಟ ಮಾಡಿ” ಅಂದರು ಫಾದರ್.

ಯಾರೂ ಅಲ್ಲಾಡಲಿಲ್ಲ. ಜಪ ಸಾಲಲಿಲ್ಲವೇನೋ ಅಂದುಕೊಂಡು ಫಾದರ್ ಇನ್ನೊಮ್ಮೆ ಜಪ ಹೇಳಿದರು. ಜನ ಭಕ್ತಿಯಿಂದ ಇನ್ನೊಮ್ಮೆ ಆಮೆನ್ ಅಂದು ಮತ್ತೆ ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಯಾರೂ ಮೊದಲೇ ಮಾತಾಡಿಕೊಂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಹುಟ್ಟಿದಾಗಿನಿಂದ ಕಾದೇ ಉಂಡವರಿಗೆ ಕಾಯದೆ ಕೈ ಬರಲಿಲ್ಲ, ಅಷ್ಟೆ. ಅತ್ತ ಶ್ರಾವಣದವರ ಪಂಕ್ತಿಯಲ್ಲೂ ಪಾಯಸ ಹಾಗೇ ಕೆನೆಗಟ್ಟುತ್ತಿತ್ತು.

ಸನಾವುಲ್ಲಾ ಸಾಬರು ಸೌಟು ಹಿಡಿದುಕೊಂಡು ಬಂದು ಮೆಲ್ಲಗೆ ಹೇಳಿದರು. “ಫಾದರ್, ನಾಯಿದು ಇನ್ನಾ ಆಗಿಲ್ಲ. ಅದುಕ್ಕೆ.”

ಫಾದರ್ ಮುಖ ಕೆಂಪಾಯಿತು. ಹಿರಿಯ ಗುರುಗಳು “ಯಾವ ನಾಯಿ?” ಅಂದರು.

ಅಷ್ಟರಲ್ಲಿ ಅತ್ತೆ ಎದ್ದು ನಿಂತಿದ್ದರು. ಸೆರಗಿನೊಳಗಿಂದ ಮುತ್ತುಗದ ಎಲೆ ತೆಗೆದರು, ಬಟ್ಟೆಯಲ್ಲಿ ಸುತ್ತಿದ್ದ ರೊಟ್ಟಿ ತೆಗೆದರು. ಎರಡನ್ನೂ ನನ್ನ ಕೈಯಲ್ಲಿಟ್ಟರು. “ಇಡೇ” ಅಂದರು. ನಾನು ಹೋಗಿ ಮೆಟ್ಟಿಲ ಪಕ್ಕ ಎಲೆ ಹಾಸಿ ರೊಟ್ಟಿ ಇಟ್ಟೆ. ಗಾಳಿಗೆ ಹಾರದಿರಲಿ ಅಂತ ಎಲೆಯ ಅಂಚಿಗೊಂದು ಕಲ್ಲಿಟ್ಟೆ.

“ಫಾದರ್ ಮೇಲೆ ನಂಗೆ ಸಿಟ್ಟಿಲ್ಲ ಸ್ವಾಮಿ” ಅಂತ ಅತ್ತೆ ಹಿರಿಯ ಗುರುಗಳಿಗೆ ಹೇಳಿದರು. “ಪಾಪ, ಅವರ್ಗೆ ಯಾರ್ ಹೇಳಿದಾರೆ? ಈ ಊರ್ನೋರ್ಗೇ ಗೊತ್ತಿಲ್ಲ. ನಾಯಿ ರೊಟ್ಟಿ ತಗೊಂಡ್ ಹೋಯ್ತು ಅಂತ ಎಲ್ಲಾ ಹೇಳ್ತಾರೆ. ಹೋಗಿದ್ದು ನಿಜವೇ. ಇಷ್ಟ್ ಜನ ಇದ್ದು, ಒಂದು ರೊಟ್ಟಿ ತಗೊಂಡ್ ಹೋಗಕ್ಕೆ ನಾಯಿ ಯಾಕ್ ಬೇಕಾಯ್ತು ಅಂತ ಒಬ್ರಾದ್ರೂ ಕೇಳಿದೀರಾ?”

ನಾನು ಈ ಕತೆಯನ್ನು ಸಾವಿರ ಸಲ ಕೇಳಿದ್ದೇನೆ, ನೂರು ಸಲ ಹೇಳಿದ್ದೇನೆ. ಈ ಪ್ರಶ್ನೆ ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ.

“ಹೊಲದಾಗೆ ಜನ ಹಸ್ಕೊಂಡ್ ಬಿದ್ದಿದ್ರು. ಗಡ್ಡದ ಸ್ವಾಮಿಗಳು ರಾಗಿ ತರ್ಸಿದ್ರು. ಎಲ್ಲಾ ಸೇರಿ ರೊಟ್ಟಿ ಸುಟ್ರು. ಮದಲೇನಮ್ಮನ್ ರೊಟ್ಟಿ ಮೊದ್ಲು ಹೋಗ್ಲಿ, ಆಮೇಲೆ ನೀವು ಉಣ್ಣಿ ಅಂತ ಹೇಳಿ ಸ್ವಾಮಿಗಳು ಇನ್ನೊಂದ್ ಹಟ್ಟಿಗೆ ಹೋದ್ರು. ಇವ್ರು ಉಂಡ್ರು. ಅವಳ್ಗೆ ಮುಟ್ತಾ ಇಲ್ವಾ ಯಾರೂ ಹೋಗಿ ನೋಡ್ಲಿಲ್ಲ. ಹಳ್ಳ ದಾಟೋಕೆ ಎಲ್ರಿಗೂ ಜೀವದ್ ಭಯ. ಸಂಜೆ ಸ್ವಾಮಿಗಳು ಬಂದು ನೋಡಿದ್ರೆ, ಹಳ್ಳದೀಚೆ ಬಿದ್ದಿದ್ ರೊಟ್ಟೀನ ನಾಯಿ ಕಚ್ಕೊಂಡೋಗಿತ್ತು. ಮದಲೇನಮ್ಮ ಎದ್ದು ಕೂರ್ಲಿಲ್ಲ. ಅದು ನೀವು ಸೇರ್ಸಿದ್ದು. ಅವಳು ಸತ್ತೋಗಿದ್ಲು. ಪಕ್ಕದಾಗೆ ಕೂಸು ನಾಯಿ ಹೊಟ್ಟೆಗೊರಗಿ ರೊಟ್ಟಿ ಚೂರು ತಿಂತಾ ಕೂತಿತ್ತು. ಆ ಕೂಸೇ ನಮ್ಮ ಮಾವ ಇನ್ನಾಸಪ್ಪ. ನಂಗೆ ಹೇಳಿದ್ದು ಅವರೇ.”

ಪಂಕ್ತಿಯಲ್ಲಿ ಯಾರೋ ಬಿಕ್ಕಿದರು. ಅತ್ತೆ ನಿಲ್ಲಿಸಲಿಲ್ಲ.

“ಸ್ವಾಮಿಗಳು ಯಾರ್ನೂ ಬೈಲಿಲ್ವಂತೆ. ಇನ್ಮೇಲೆ ಈ ಜಾಗದಲ್ಲಿ ನಾಯಿ ತಿನ್ನೋವರ್ಗೂ ನೀವು ಕಾಯ್ರಿ ಅಂದ್ರಂತೆ. ಆವತ್ತು ಕಾಯದೇ ಉಂಡ್ರಲ್ಲ, ಅದಕ್ಕೆ.”

“ಆ ರೊಟ್ಟಿ ಯಾರ ಕೈಗೆ ಕೊಟ್ಟಿದ್ದರು ಅಮ್ಮ?” ಅಂತ ಹಿರಿಯ ಗುರುಗಳು ಕೇಳಿದರು.

ಅತ್ತೆ ನನ್ನ ಕಡೆ ನೋಡಿದರು. ತುಸು ಹೆಚ್ಚೇ ಹೊತ್ತು ನೋಡಿದರು. “ಅದು ಗೊತ್ತಿಲ್ಲ ಸ್ವಾಮಿ. ಸ್ವಾಮಿಗಳು ಕೇಳಿದಾಗ ಯಾರೂ ಬಾಯಿ ಬಿಡ್ಲಿಲ್ವಂತೆ” ಅಂದು ಕೂತುಬಿಟ್ಟರು.

ಫಾದರ್ ರೋಶನ್ ಅಲ್ಲಿ ನಿಲ್ಲಲಿಲ್ಲ. ಚಪ್ಪಲಿಯನ್ನೂ ಮರೆತು ಶಾಲೆ ಕಡೆಗೆ ನಡೆದೇಬಿಟ್ಟರು. ಗೇಟು ತೆಗೆದ ಸದ್ದು ನಮಗೆ ಕೇಳಿಸಿತು. ನಾಯಿಗಳು ಓಡಿ ಬರುತ್ತವೆ ಅಂತ ಎಲ್ಲರೂ ಕತ್ತು ಉದ್ದ ಮಾಡಿದೆವು. ಒಂದೂ ಬರಲಿಲ್ಲ. ಬಕೆಟ್ ತುಂಬ ಕೋಳಿ ತಿಂದ ಗಿರಾಕಿಗಳು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದ್ದವಂತೆ. ಫಾದರ್ ಬಾ ಬಾ ಅಂತ ಕನ್ನಡದಲ್ಲಿ ಕರೆದರು, ಕೊಂಕಣಿಯಲ್ಲೂ ಕರೆದರು. ಅಳುವ ಹೊತ್ತಿನಲ್ಲಿ ಪಂಕ್ತಿಗೆ ಪಂಕ್ತಿಯೇ ನಗಲು ಶುರುವಾಯಿತು. ಸಿದ್ದೇಶ್ ಅಂತೂ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದ.

ಕೊನೆಗೆ ಫಾದರ್ ಬಂದರು. ಹಿಂದೆ ಒಂದು ನಾಯಿ, ಕರಿಯ. ಅವರ ಕಾಲಿನ ರುಚಿ ನೆನಪಿತ್ತೋ ಏನೋ, ಮೂಸುತ್ತಾ ಮೂಸುತ್ತಾ ಹಿಂದೆಯೇ ಬರುತ್ತಿತ್ತು. ಫಾದರ್ ಹೆಜ್ಜೆ ಹೆಜ್ಜೆಗೂ ಮೈ ಬಿಗಿ ಹಿಡಿದು ನಡೆಯುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು. ಎಲೆಯ ಹತ್ತಿರ ಬಂದ ಕರಿಯ ರೊಟ್ಟಿಯನ್ನು ಮೂಸಿ, ಆಕಳಿಸಿ, ಪಕ್ಕದಲ್ಲಿ ಮಲಗಿಬಿಟ್ಟಿತು.

ನಾವು ಕಾದೆವು. ಸಾರು ಆರಿತು, ಅನ್ನ ಆರಿತು. ಮಕ್ಕಳು ಕೂಡ ರಚ್ಚೆ ಹಿಡಿಯಲಿಲ್ಲ. ಅದಕ್ಕೆ ಮುಂಚೆಯೂ ಪ್ರತಿ ವರ್ಷ ಕಾದಿದ್ದೆವು, ಆದರೆ ಯಾರಿಗಾಗಿ ಕಾಯುತ್ತಿದ್ದೇವೆ ಅಂತ ಗೊತ್ತಿದ್ದು ಕಾದದ್ದು ಅದೇ ಮೊದಲು. ಫಾದರ್ ನೆಲದ ಮೇಲೆ ಕೂತು, ರೊಟ್ಟಿಯಿಂದ ಒಂದು ಚೂರು ಮುರಿದು, ಕಣ್ಣು ಮುಚ್ಚಿಕೊಂಡು ಕೈ ಚಾಚಿದರು. ಕರಿಯ ತಲೆಯೆತ್ತಿ ಅವರ ಮುಖ ನೋಡಿ, ಒಲ್ಲದ ಮನಸ್ಸಿನಿಂದ ಆ ಚೂರನ್ನು ತಿಂದಿತು. ನಮ್ಮ ನೂರಾರು ಕೈಗಳು ಒಟ್ಟಿಗೇ ಎಲೆಗೆ ಹೋದವು. ಸನಾವುಲ್ಲಾ ಸಾಬರು ಬಿ‍ಸಿ ಸಾರು ತರ್ತೀನಿ ತಡೀರಿ ಅಂತ ಒಲೆಯ ಕಡೆ ಓಡಿದರು.

ಊಟ ಮುಗಿಸಿ ಮನೆಗೆ ಬಂದ ಮೇಲೆ ಅತ್ತೆ ಜಗಲಿಯಲ್ಲಿ ಕಾಲು ಚಾಚಿ ಕೂತರು. ನಾನು ಅವರ ಮಂಡಿಗೆ ಎಣ್ಣೆ ಹಚ್ಚುತ್ತಾ ಕೇಳಿದೆ. “ಎಲೆ ಕೊಟ್ರಿ. ಆ ಮಾತನ್ನ ಊರ ಮುಂದೇನೇ ಹೇಳ್ಬಿಟ್ರಲ್ಲ ಅತ್ತೆ, ನಂಗೇನು ಉಳೀತು?”

“ಅದಲ್ಲ ಕಣೇ ಮಾತು. ಆ ರೊಟ್ಟಿ ಕೊಟ್ಟಿದ್ದು ನಿಮ್ಮ ಮುತ್ತಜ್ಜನ ಕೈಗೆ.”

ನನ್ನ ಕೈ ಅಲ್ಲೇ ನಿಂತಿತು.

“ಉಪದೇಶಿ ಅರುಳಪ್ಪ. ಹಳ್ಳದವರ್ಗೂ ಹೋದ. ದಾಟಕ್ಕೆ ಧೈರ್ಯ ಬರ್ಲಿಲ್ಲ. ಕಲ್ಲಿನ್ ಮೇಲೆ ರೊಟ್ಟಿ ಇಟ್ಟು ಬಂದು, ಕೊಟ್ಟೆ ಅಂದ. ಅವನು ಹಂಗಂದ್ನಲ್ಲಾ ಅಂತ ಮಿಕ್ಕೋರು ಉಂಡ್ರು. ಸಾಯಕ್ ಮುಂಚೆ ನಮ್ಮ ಮಾವನ್ನ ಕರ್ಸಿ, ಕೈ ಹಿಡ್ಕೊಂಡು ಅವನೇ ಹೇಳ್ದ. ಕೆಟ್ಟೋನಲ್ಲ ಕಣೇ. ಹೆದರ್ಕೊಂಡಿದ್ದ. ಅವನ ಮನೇಲೂ ಕೂಸುಗಳಿದ್ವು.”

ನನಗೆ ಅಳು ಬಂತು. ನಡುಮನೆಯ ಫೋಟೋ, ಪೇಟ, ಜಪಸರ, ಸಾಯುವವರ ಪಕ್ಕ ಕೂತು ಕೈ ಹಿಡಿಯುತ್ತಿದ್ದ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಇಷ್ಟು ವರ್ಷ ಈ ಹೆಂಗಸು ನನ್ನ ಜಂಬವನ್ನು ಕೇಳಿಕೊಂಡು ಹೇಗೆ ಸುಮ್ಮನಿದ್ದಳು?

“ಗೊತ್ತಿದ್ದೂ ನನ್ನ ಯಾಕೆ ಈ ಮನೆಗೆ ತಂದ್ಕೊಂಡ್ರಿ?”

“ಗೊತ್ತಿದ್ದಿದ್ಕೇ ತಂದ್ಕೊಂಡಿದ್ದು. ನಮ್ಮ ಮಾವ ಹೇಳಿದ್ರು, ಆ ಮನೆ ಹೆಣ್ಣು ಯಾವ್ದಾದ್ರೂ ಸಿಕ್ಕಿದ್ರೆ ಸೊಸೆ ಮಾಡ್ಕೋ ಅಂತ. ಶಿಕ್ಷೆಗಲ್ಲ ಕಣೇ, ಹುಚ್ಚಿ. ನಮ್ಮಮ್ಮನ್ ರೊಟ್ಟಿ ಆ ಮನೆ ಕೈಯಿಂದ ಬರ್ಬೇಕಿತ್ತು, ಬರ್ಲಿ ಬಿಡು ಅಂದ್ರು.” ಅತ್ತೆ ನನ್ನ ಎಣ್ಣೆ ಕೈಯನ್ನು ಎತ್ತಿ ತಮ್ಮ ಕೆನ್ನೆಗಿಟ್ಟುಕೊಂಡರು. “ಇವತ್ತು ಬಂತು.”

ಸೋಮವಾರ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಫಾದರ್ ಕಾದಿದ್ದರು. ಚರಿತ್ರೆಯ ಮೊದಲ ಪುಟ ಪೂರ್ತಿ ತೆಗೆದುಹಾಕಿ ಹೊಸದಾಗಿ ಟೈಪ್ ಮಾಡಬೇಕು ಅಂದರು. ಅವರು ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ. ಮದಲೇನಮ್ಮನ ಹೆಸರು ಮೊದಲ ಸಾಲಿನಲ್ಲೇ ಬಂತು.

“ಆಮೇಲೆ, ರೊಟ್ಟಿ ತೆಗೆದುಕೊಂಡು ಹೋಗಬೇಕಾದವರು ಯಾರೆಂದು ಇಂದಿಗೂ ತಿಳಿದಿಲ್ಲ ಅಂತ ಹಾಕಿ” ಅಂದರು.

ನಾನು ಅದನ್ನು ಬಿಟ್ಟು ಬೇರೆಯೇ ಹೊಡೆದೆ. ಫಾದರ್ ಪರದೆಗೆ ಬಗ್ಗಿ ಓದಿದರು. ‘ಉಪದೇಶಿ ಅರುಳಪ್ಪ ರೊಟ್ಟಿಯನ್ನು ಹಳ್ಳದ ಕಲ್ಲಿನ ಮೇಲಿಟ್ಟು ಹಿಂದಿರುಗಿದರು. ಅದನ್ನು ಮದಲೇನಮ್ಮನ ಗುಡಿಸಲಿಗೆ ಮುಟ್ಟಿಸಿದ್ದು ನಾಯಿ.’

“ಮೇರಮ್ಮ, ಇವರು ನಿಮ್ಮ ಮುತ್ತಜ್ಜ ಅಲ್ವಾ? ಈ ಹೆಸರು ಬೇಡ ಮಾರಾಯ್ರೆ.”

“ಇರ್ಲಿ ಫಾದರ್. ಚರಿತ್ರೇಲಿ ಅವರ ಹೆಸ್ರು ಬರ್ಲೇಬೇಕು ಅಂತ ಜಗಳ ಆಡ್ದೋಳು ನಾನೇ ಅಲ್ವಾ?”

ಅವರು ಆ ಸಾಲನ್ನು ಇನ್ನೊಮ್ಮೆ ಓದಿ, ಫೋಟೋಗೆ ಒಂದು ಪೂರ್ತಿ ಪುಟ ಬಿಡಬೇಕಾ ಅಂತ ಕೇಳಿದರು. ಅರ್ಧ ಸಾಕು, ಮಿಕ್ಕ ಅರ್ಧದಲ್ಲಿ ಆ ಕಲ್ಲಿನ ಫೋಟೋ ಹಾಕೋಣ, ಈಗಲೂ ಹಳ್ಳದಲ್ಲಿದೆ ಅಂದು ನಾನು ಪ್ರಿಂಟ್ ಒತ್ತಿದೆ.